ಜಿಯೋಲೈಟ್ ಚೀಲ ಕೊಳ್ಳುವ ಮುಂಚೆ ಒಂದು ಲೆಕ್ಕ ಹಾಕಿ

"ಸಾರ್, ಜಿಯೋಲೈಟ್ ಹಾಕಿದ್ರೆ ಯೂರಿಯಾ ಅರ್ಧಕ್ಕೆ ಇಳಿಸ್ಬೋದಂತೆ, ಹೌದಾ?" ಮಳವಳ್ಳಿ ಕಡೆಯ ಭತ್ತ, ಕಬ್ಬಿನ ಬೆಳೆಗಾರರು ನನ್ನನ್ನು ಕೇಳುತ್ತಿರುವ ಪ್ರಶ್ನೆ ಇದು. ಎಕರೆಗೆ 10 ಕೆ.ಜಿ. ಚೀಲ ಒಂದೇ ಸಾಕು ಅಂತ ಯಾರೋ ಹೇಳಿರುತ್ತಾರೆ. ಕಲ್ಲು ಒಳ್ಳೆಯದೇ, ಲೆಕ್ಕ ಮಾತ್ರ ಕೂಡಿ ಬರುವುದಿಲ್ಲ.

ಜ್ವಾಲಾಮುಖಿಯ ಬೂದಿ, ಲಾವಾ ನೀರಿನ ಜತೆ ಬಹುಕಾಲ ಇದ್ದು ಆಗುವ ಖನಿಜ ಜಿಯೋಲೈಟ್. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಇದನ್ನು ಕಾಯಿಸಿದಾಗ ನೊರೆಯೆದ್ದು ಕುದಿಯಿತು. ಅದಕ್ಕೇ 'ಕುದಿಯುವ ಕಲ್ಲು' ಎಂಬ ಅರ್ಥದ ಗ್ರೀಕ್ ಹೆಸರು. ಒಳಗೆಲ್ಲ ಕಣ್ಣಿಗೆ ಕಾಣದ ಗೂಡುಗಳು. ಅವು ನೀರನ್ನು, ಅಮೋನಿಯಂ, ಪೊಟ್ಯಾಶ್‌ಗಳನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಕೃಷಿಗೆ ಹೆಚ್ಚು ಬಳಕೆಯಾಗುವ ಜಾತಿ ಕ್ಲಿನೊಪ್ಟಿಲೊಲೈಟ್.

ನಮ್ಮ ಕೆಂಪು ನೆಲ ಗ್ರಾನೈಟ್, ನೈಸ್ ಕಲ್ಲು ಸವೆದು ಆದದ್ದು. ಇಲ್ಲಿನ ಗುಡ್ಡದಲ್ಲೇ ಅಗೆದ ಜಿಯೋಲೈಟ್ ಅಂದರೆ ನಂಬಬೇಡಿ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆ ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಬಂಡೆ ಇದೆ. ಅಂಥ ಕಪ್ಪು ಬಂಡೆಯ ಪೊಟರೆಗಳಲ್ಲಿ ಬಿಳಿ ಹರಳಾಗಿ ಜಿಯೋಲೈಟ್ ಸಿಗುತ್ತದೆ. ಪುಣೆ ಹತ್ತಿರದ ವಾಘೋಲಿಯ ಕಲ್ಲು ಕ್ವಾರಿಗಳಲ್ಲಿ ಈ ಹರಳುಗಳ ಜತೆಗೇ ಕವನ್ಸೈಟ್ ಎಂಬ ಕಡುನೀಲಿ ಖನಿಜವೂ ಸಿಕ್ಕಿದೆ. ಬಲು ಅಪರೂಪದ್ದು, ಹರಳು ಸಂಗ್ರಹಿಸುವವರು ಕಾಸು ಕೊಟ್ಟು ಕೊಳ್ತಾರೆ. ಹೊಲಕ್ಕೆ ಅದರಿಂದ ಏನೂ ಇಲ್ಲ ಬಿಡಿ.

ಚೀಲದಲ್ಲಿರುವುದು ಏನು ಅಂತ ಒಂದಿಷ್ಟು ಮನೆಯಲ್ಲೇ ನೋಡಬಹುದು. ಪುಡಿಗೆ ನಿಂಬೆರಸ ಹಿಂಡಿ. ಬುರುಬುರು ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣಕಲ್ಲು ಇದೆ. ಹರಳನ್ನು ನೀರಿನ ಲೋಟಕ್ಕೆ ಹಾಕಿ. ಉಬ್ಬಿ, ಜಾರುವ ಕೆಸರಾದರೆ ಅದು ಬೆಂಟೊನೈಟ್ ಥರದ ಜೇಡಿ. ಜಿಯೋಲೈಟ್ ಹರಳು ಕಲ್ಲಾಗಿಯೇ ಉಳಿಯುತ್ತದೆ. ಗಾಜನ್ನು ಸಲೀಸಾಗಿ ಗೀರಿದರೆ ಬೆಣಚುಕಲ್ಲಿರಬಹುದು. ಇವೆಲ್ಲ 'ಇದು ಅಲ್ಲ' ಅಂತ ಹೇಳುವ ಪರೀಕ್ಷೆಗಳು ಅಷ್ಟೆ. 'ಇದೇ' ಅನ್ನಲು ಎಕ್ಸ್-ರೇ ಪರೀಕ್ಷೆಯ ವರದಿ ಬೇಕು. ಮಾರುವವರನ್ನು ಕೇಳಿ, ಸಂಕೋಚ ಬೇಡ.

ಈಗ ಲೆಕ್ಕ. ಉತ್ತಮ ಜಿಯೋಲೈಟ್ 10 ಕೆ.ಜಿ. ಪೂರ್ತಿ ತುಂಬಿಕೊಂಡರೂ ಹಿಡಿಯುವುದು 200ರಿಂದ 300 ಗ್ರಾಂ ಸಾರಜನಕ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಇರುವುದು 20 ಕೆ.ಜಿ.ಗೂ ಜಾಸ್ತಿ. ಮೇಲಿನ 15 ಸೆಂ.ಮೀ. ಮಣ್ಣೇ ಎಕರೆಗೆ ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಅದರಲ್ಲಿ 10 ಕೆ.ಜಿ. ಎಲ್ಲಿ ಹೋಯ್ತು ಅಂತ ಹುಡುಕಬೇಕು! ಇದನ್ನು ನಂಬಿ ಯೂರಿಯಾ ಅರ್ಧ ಮಾಡಿದರೆ ಬೆಳೆ ಸೊರಗುತ್ತದೆ. ಗೊಬ್ಬರ ಕಡಿಮೆ ಮಾಡಲೇಬೇಕು ಅನ್ನುವವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಂಡ್ಯದ ವಿ.ಸಿ. ಫಾರ್ಮ್ ನಮಗೆ ದೂರವೇನಲ್ಲ.

ಹಾಗಂತ ಕೊಂಡ ಚೀಲ ಎಸೆಯಬೇಡಿ. ಮರಳು ಮಿಶ್ರಿತ ಮಣ್ಣಿನ ಸಸಿ ಮಡಿಗೆ, ನರ್ಸರಿ ಟ್ರೇಗೆ ಬೆರೆಸಿ, ಅಲ್ಲಿ ಮಣ್ಣು ಸ್ವಲ್ಪವೇ ಇರುವುದರಿಂದ ಗುಣ ಕಾಣುತ್ತದೆ. ಇಲ್ಲವೇ ಕೊಟ್ಟಿಗೆಯಲ್ಲಿ ಗಂಜಲ ನಿಲ್ಲುವ ಕಡೆ ಚೆಲ್ಲಿ. ಘಾಟು ತಗ್ಗುತ್ತದೆ, ಆವಿಯಾಗಿ ಹೋಗುವ ಸಾರಜನಕದಲ್ಲಿ ಒಂದಿಷ್ಟು ತಿಪ್ಪೆಗೆ ಸೇರುತ್ತದೆ.