ನಿಮಗಿದು ಗೊತ್ತೇ? ಒಗ್ಗದ ಔಷಧದ ಬಗ್ಗೆ ನೀವೂ ದೂರು ಕೊಡಬಹುದು!

ಔಷಧ ಒಗ್ಗದೆ ರೋಗಿಯ ಮೈತುಂಬ ಗಂಧೆ ಎದ್ದರೆ ಅದನ್ನು ವರದಿ ಮಾಡಲು ಪುರಾವೆ ಬೇಕಿಲ್ಲ, ಅನುಮಾನವೇ ಸಾಕು. ರೋಗಿಯ ಗುರುತು, ಔಷಧದ ಹೆಸರು, ಆದ ತೊಂದರೆ, ತಿಳಿಸಿದವರ ವಿವರ ಇದ್ದರಾಯಿತು. ರೋಗಿಯ ಹೆಸರಿನ ಜಾಗದಲ್ಲಿ ಬರೀ ಮೊದಲಕ್ಷರಗಳು.

ಹೀಗೆ ಅನುಮಾನವನ್ನೇ ವರದಿ ಮಾಡುವ ಪದ್ಧತಿಯ ಹಿಂದೆ ಒಂದು ದುರಂತವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯ ಅಂಗಡಿಗಳಿಗೆ ಬಂದ ಥಾಲಿಡೊಮೈಡ್ ಮಾತ್ರೆಯನ್ನು ಗರ್ಭಿಣಿಯರು ವಾಕರಿಕೆಗೆಂದು ನುಂಗಿದರು. ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. ಅಪಾಯದ ಸುಳಿವು ಹಿಡಿದವರು ಹೆರಿಗೆ, ಮಕ್ಕಳ ಆಸ್ಪತ್ರೆಗಳ ವೈದ್ಯರೇ: ಜರ್ಮನಿಯ ಲೆನ್ಜ್, ಆಸ್ಟ್ರೇಲಿಯಾದ ಮೆಕ್‌ಬ್ರೈಡ್. 1961ರ ಕೊನೆಗೆ ಮಾತ್ರೆ ವಾಪಸಾಯಿತು. ಬ್ರಿಟನ್ 1964ರಲ್ಲಿ ವೈದ್ಯರ ಕೈಗೆ 'ಹಳದಿ ಕಾರ್ಡ್' ಕೊಟ್ಟಿತು, ಅನುಮಾನ ಬಂದ ಕೂಡಲೇ ಬರೆದು ಕಳಿಸಲಿ ಎಂದು.

ಪರೀಕ್ಷೆ ಮಾಡಿಯೇ ಅಲ್ಲವೇ ಔಷಧ ಮಾರುವುದು? ಹೌದು. ಆದರೆ 10,000 ಮಂದಿಯಲ್ಲಿ ಒಬ್ಬರಿಗೆ ಬರುವ ತೊಂದರೆ ಒಮ್ಮೆಯಾದರೂ ಬಹುತೇಕ ಖಚಿತವಾಗಿ ಕಣ್ಣಿಗೆ ಬೀಳಬೇಕೆಂದರೆ ಸುಮಾರು 30,000 ಮಂದಿಗೆ ಕೊಟ್ಟು ನೋಡಬೇಕು. ಅಷ್ಟು ಜನ ಯಾವ ಪರೀಕ್ಷೆಯಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ತೊಂದರೆಗೆ ಔಷಧವೇ ಕಾರಣವೇ ಎಂದು ಅಳೆಯಲು ಹತ್ತು ಪ್ರಶ್ನೆಗಳ ಪಟ್ಟಿಯಿದೆ. 1981ರ 'ನರಾಂಜೊ ಮಾಪಕ'. 9 ಅಂಕ ದಾಟಿದರೂ ಸರಿ, ಮುಟ್ಟಿದರೂ ಸರಿ, ಔಷಧದ್ದೇ ಕೆಲಸ.

ಕೆಲವು ಆಸ್ಪತ್ರೆಗಳಲ್ಲಿ ಪತ್ತೆಯ ದಾರಿ ತಿರುಗುಮುರುಗು! ವಿಟಮಿನ್ ಕೆ ಇಂಜೆಕ್ಷನ್ ಯಾರಿಗೆ ಹೋಯಿತೆಂದು ನೋಡುತ್ತಾರೆ. ರಕ್ತ ತೆಳುವಾಗಿಸುವ ವಾರ್ಫರಿನ್ ಅತಿಯಾದವರಿಗೆ ಕೊಡುವುದು ಅದನ್ನೇ ತಾನೆ?

ಬಿ.ಪಿ.ಗೆ ಕೊಡುವ ಎನಾಲಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಅದು ಗೊತ್ತಿಲ್ಲದೆ ಕೆಮ್ಮಿನ ಸಿರಪ್ ಕುಡಿಯುತ್ತಲೇ ಇರುವವರನ್ನು ಕಂಡರೆ ಸಂಕಟವಾಗುತ್ತದೆ.

ಭಾರತದ ಔಷಧ ನಿಗಾ ಕಾರ್ಯಕ್ರಮ ಶುರುವಾದದ್ದು 2010ರಲ್ಲಿ. ಈಗ ಅದರ ಕೇಂದ್ರ ಗಾಜಿಯಾಬಾದ್. ಮುಟ್ಟಿನ ನೋವಿಗೆ ನುಂಗುವ ಮೆಫೆನಾಮಿಕ್ ಆಸಿಡ್‌ನಿಂದ 'ಡ್ರೆಸ್' ಎಂಬ ತೀವ್ರ ಅಲರ್ಜಿ ಬರಬಹುದೆಂದು 2023ರ ನವೆಂಬರ್‌ನಲ್ಲಿ ಎಚ್ಚರಿಸಿದ್ದು ಇಲ್ಲಿಂದಲೇ. ಜ್ವರ, ಗಂಧೆ, ಒಳಗಿನ ಅಂಗಗಳಿಗೂ ಪೆಟ್ಟು ಇದರ ಲಕ್ಷಣ. ಔಷಧ ಶುರುಮಾಡಿ 2ರಿಂದ 8 ವಾರಗಳ ನಂತರ ಕಾಣಿಸಿಕೊಳ್ಳುವುದರಿಂದ ಅಷ್ಟರಲ್ಲಿ ರೋಗಿ ಡಿಸ್ಚಾರ್ಜ್ ಆಗಿ ಮನೆ ಸೇರಿರಬಹುದು. ಹಾಗಾಗಿ ಮನೆಯವರ ಕಣ್ಣೂ ಮುಖ್ಯ.

ದೂರು ಕೊಡುವ ಫಾರಂ ಕನ್ನಡದಲ್ಲೂ ಇದೆ. ಉಚಿತ ಸಹಾಯವಾಣಿ 1800-180-3024. ನುಂಗಿದ ಮಾತ್ರೆಯ ಸ್ಟ್ರಿಪ್ ಬಿಸಾಡಬೇಡಿ, ಬ್ಯಾಚ್ ಸಂಖ್ಯೆ ಅದರ ಮೇಲಿರುತ್ತದೆ. ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ತಪ್ಪದೆ ಫೋನ್ ಮಾಡಿ.