ಬೆಳಕು ತಗ್ಗಿಸಿದರೆ ಪರದೆ ಮಿನುಗುವುದೇಕೆ?

ಲ್ಯಾಪ್‌ಟಾಪ್ ನೋಡಿ ಕಣ್ಣು ಉರಿಯುತ್ತಿದೆ ಎಂದರೆ ಎಲ್ಲರೂ ಕೊಡುವ ಸಲಹೆ, ‘ಬ್ರೈಟ್‌ನೆಸ್ ಕಡಿಮೆ ಮಾಡಿಕೊಳ್ಳಿ’. ಬಹಳಷ್ಟು ಜನರಿಗೆ ಇದು ಸರಿಯಾದ ಸಲಹೆಯೇ. ಆದರೆ ಕೆಲವು ಲ್ಯಾಪ್‌ಟಾಪುಗಳಲ್ಲಿ ಇದು ತಿರುಗುಬಾಣವಾಗುತ್ತದೆ: ಬೆಳಕು ಇಳಿಸಿದಷ್ಟೂ ತಲೆನೋವು ಹೆಚ್ಚುತ್ತದೆ, ಪೂರ್ತಿ ಏರಿಸಿದರೆ ಹಾಯೆನಿಸುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಯಂತ್ರ ಒಂದು ಅಪ್‌ಡೇಟ್ ಆದ ಮೇಲೆ ಕಣ್ಣಿಗೆ ಚುಚ್ಚತೊಡಗುವುದೂ ಉಂಟು. ಎರಡರ ಗುಟ್ಟೂ ಪರದೆಯ ಹಿಂಬದಿಯ ದೀಪದಲ್ಲಿದೆ.

ಹಿಂಬದಿಯ ದೀಪ

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಆ ಬೆಳಕಿನ ಮೂಲವೇ ಬ್ಯಾಕ್‌ಲೈಟ್. ಹಳೆಯ ಲ್ಯಾಪ್‌ಟಾಪುಗಳಲ್ಲಿ ಪೆನ್ಸಿಲಿಗಿಂತ ಸಣ್ಣನೆಯ ಫ್ಲೋರೊಸೆಂಟ್ ಕೊಳವೆ ಇರುತ್ತಿತ್ತು. 2010ರ ಹೊತ್ತಿಗೆ ಅದರ ಜಾಗಕ್ಕೆ ಬಿಳಿ ಎಲ್‌ಇಡಿ ಬಂತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಬಿಳಿ ಬೆಳಕು ಬರುತ್ತದೆ. ಆ ನೀಲಿ ಎಲ್‌ಇಡಿಗಾಗಿಯೇ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು.

ಎಲ್‌ಇಡಿಯ ಬೆಳಕನ್ನು ಎರಡು ರೀತಿಯಲ್ಲಿ ತಗ್ಗಿಸಬಹುದು. ನಲ್ಲಿಯನ್ನು ಅರ್ಧ ತಿರುಗಿಸಿ ಸಣ್ಣ ಧಾರೆ ಬಿಡುವಂತೆ ವಿದ್ಯುತ್ ಪ್ರವಾಹವನ್ನೇ ಕಡಿಮೆ ಮಾಡುವುದು ಒಂದು. ಇದಕ್ಕೆ ಡಿಸಿ ಡಿಮ್ಮಿಂಗ್ ಎನ್ನುತ್ತಾರೆ. ನಲ್ಲಿಯನ್ನು ಪೂರ್ತಿ ಬಿಟ್ಟು, ಪೂರ್ತಿ ನಿಲ್ಲಿಸಿ, ಮತ್ತೆ ಬಿಡುವಂತೆ ದೀಪವನ್ನು ಹೊತ್ತಿಸಿ ಆರಿಸುವುದು ಇನ್ನೊಂದು. ಇದು ಪಿಡಬ್ಲ್ಯುಎಂ. ಪ್ರವಾಹ ತೀರಾ ಕಡಿಮೆಯಾದರೆ ಎಲ್‌ಇಡಿಯ ಬಣ್ಣ ತುಸು ಬದಲಾಗುತ್ತದೆ, ಸಾಲಿನ ದೀಪಗಳೆಲ್ಲ ಸಮನಾಗಿ ಉರಿಯುವುದಿಲ್ಲ. ಎರಡನೆಯ ವಿಧಾನದಲ್ಲಿ ಆ ತೊಂದರೆಯಿಲ್ಲ, ಖರ್ಚೂ ಕಡಿಮೆ. ಹಾಗಾಗಿ ತಯಾರಕರಿಗೆ ಅದರ ಮೇಲೆ ಒಲವು.

ಒಂದು ಲೆಕ್ಕ ನೋಡಿ. ಪಿಡಬ್ಲ್ಯುಎಂ ವೇಗ 200 ಹರ್ಟ್ಸ್ ಎಂದುಕೊಳ್ಳಿ. ಅಂದರೆ ದೀಪ ಸೆಕೆಂಡಿಗೆ 200 ಬಾರಿ ಹೊತ್ತಿ ಆರುತ್ತದೆ. ಒಂದು ಸುತ್ತಿಗೆ 5 ಮಿಲಿಸೆಕೆಂಡ್. ಬ್ರೈಟ್‌ನೆಸ್ ಶೇ. 25ಕ್ಕೆ ಇಳಿಸಿದರೆ ಪ್ರತಿ ಸುತ್ತಿನಲ್ಲೂ 1.25 ಮಿಲಿಸೆಕೆಂಡ್ ಪೂರ್ತಿ ಬೆಳಕು, ಉಳಿದ 3.75 ಮಿಲಿಸೆಕೆಂಡ್ ಪೂರ್ತಿ ಕತ್ತಲು. ಶೇ. 100ರಲ್ಲಿ ದೀಪ ಆರುವುದೇ ಇಲ್ಲ. ಬೆಳಕು ಏರಿಸಿದಾಗ ಕೆಲವರಿಗೆ ಹಾಯೆನಿಸುವುದು ಇದಕ್ಕೇ. ಹಳೆಯ ಕೊಳವೆ ದೀಪವನ್ನೂ ಹೀಗೆ ಮಿನುಗಿಸುತ್ತಿದ್ದರು. ಆದರೆ ಅದರ ಒಳಲೇಪ ಆರಿದ ಮೇಲೂ ಒಂದಿಷ್ಟು ಹೊತ್ತು ಬೆಳಗುತ್ತಿದ್ದುದರಿಂದ ಮಿನುಗು ಮೆತ್ತಗಾಗುತ್ತಿತ್ತು. ಎಲ್‌ಇಡಿಗೆ ಆ ಸೈರಣೆಯಿಲ್ಲ; ಪ್ರವಾಹ ನಿಂತ ಕೂಡಲೇ ಕತ್ತಲು.

ಕಾಣದಿದ್ದರೂ ತಟ್ಟುತ್ತದೆ

ಸೆಕೆಂಡಿಗೆ 60ರ ಆಸುಪಾಸು ದಾಟಿದ ಮಿನುಗು ಸಾಮಾನ್ಯವಾಗಿ ನಮಗೆ ಎಡೆಬಿಡದ ಬೆಳಕಾಗಿಯೇ ಕಾಣುತ್ತದೆ. ಹಾಗಿದ್ದರೆ 200 ಹರ್ಟ್ಸಿನಿಂದ ತೊಂದರೆ ಏಕೆ? ನೆಟ್ಟ ನೋಟಕ್ಕೆ ಆ ಲೆಕ್ಕ ಸರಿ. ಓದುವಾಗ ಮಾತ್ರ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ, ಪದದಿಂದ ಪದಕ್ಕೆ ನೆಗೆಯುತ್ತದೆ. ಒಂದು ನೆಗೆತಕ್ಕೆ ಸುಮಾರು 30 ಮಿಲಿಸೆಕೆಂಡ್ ಹಿಡಿದರೆ ಅಷ್ಟರಲ್ಲಿ ದೀಪ ಆರು ಬಾರಿ ಹೊತ್ತಿ ಆರಿರುತ್ತದೆ. ಒಂದೇ ಬಿಂಬ ಅಕ್ಷಿಪಟಲದ ಮೇಲೆ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ.

ಬ್ರಿಟನ್ನಿನಲ್ಲಿ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಹೆಸರುವಾಸಿ. ಕಚೇರಿಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತಿದ್ದಾಗ ಇದ್ದ ತಲೆನೋವು, ಕಣ್ಣಿನ ಆಯಾಸದ ಪ್ರಮಾಣ, ಮಿನುಗನ್ನು 32 ಕಿಲೋಹರ್ಟ್ಸಿಗೆ ಏರಿಸಿದಾಗ ಅರ್ಧಕ್ಕಿಂತ ಕೆಳಗಿಳಿಯಿತು. ಐಇಇಇ ಸಂಸ್ಥೆಯ 2015ರ ಶಿಫಾರಸಿನ ಪ್ರಕಾರ ಪೂರ್ತಿ ಹೊತ್ತಿ ಪೂರ್ತಿ ಆರುವ ಎಲ್‌ಇಡಿ 1,250 ಹರ್ಟ್ಸ್ ಮೀರಿದರೆ ಅಪಾಯ ಕಡಿಮೆ. 3,000 ಮೀರಿದರೆ ಚಿಂತೆಯಿಲ್ಲ. ಎಲ್ಲರಿಗೂ ಇದು ಒಂದೇ ಸಮನಾಗಿ ತಟ್ಟುವುದಿಲ್ಲ. ಮೈಗ್ರೇನ್ ಇರುವವರಿಗೆ ಮಿನುಗು ಹೆಚ್ಚು ಕಾಡುತ್ತದೆ.

ಅಪ್‌ಡೇಟ್ ಏನನ್ನು ಬದಲಿಸುತ್ತದೆ?

ಮಿನುಗಿನ ವೇಗವನ್ನು ದೀಪ ತಾನಾಗಿ ನಿರ್ಧರಿಸುವುದಿಲ್ಲ. ಇಂಟೆಲ್ ಗ್ರಾಫಿಕ್ಸ್ ಇರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಸಂಖ್ಯೆ ಬಯಾಸ್ ಫರ್ಮ್‌ವೇರಿನ ಒಂದು ಕೋಷ್ಟಕದಲ್ಲಿರುತ್ತದೆ. ಗ್ರಾಫಿಕ್ಸ್ ಡ್ರೈವರ್ ಅದನ್ನು ಓದಿ ಚಿಪ್‌ನಲ್ಲಿ ಬರೆಯುತ್ತದೆ. ಲಿನಕ್ಸ್ ಬಳಸುವ ಕೆಲವರು ಈ ಸಂಖ್ಯೆಯನ್ನು ಕೈಯಾರೆ ತಿದ್ದಿ 200ರ ಮಿನುಗನ್ನು ಸಾವಿರ ದಾಟಿಸಿಕೊಂಡಿದ್ದಾರೆ. ಕೈಯಿಂದ ಬದಲಾಗುವುದು ಅಪ್‌ಡೇಟ್‌ನಿಂದಲೂ ಬದಲಾಗಬಹುದು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. 2019ರಲ್ಲಿ ಒನ್‌ಪ್ಲಸ್ 7 ಪ್ರೊ ಫೋನಿಗೆ ಡಿಸಿ ಡಿಮ್ಮಿಂಗ್ ಬಂದದ್ದು ಬರೀ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ. ಪರದೆ ಹಳೆಯದೇ ಇತ್ತು.

ಇನ್ನೊಂದು ಕಾಟ, ತೆರೆದ ಪುಟ ಕಪ್ಪೋ ಬಿಳಿಯೋ ಎಂಬುದನ್ನು ನೋಡಿ ಬ್ಯಾಕ್‌ಲೈಟ್ ತಾನೇ ಏರಿಳಿಯುವುದು. ಬ್ಯಾಟರಿ ಉಳಿಸಲು ಮಾಡಿದ ಏರ್ಪಾಡು ಇದು. 2015ರ ಡೆಲ್ ಎಕ್ಸ್‌ಪಿಎಸ್ 13ರಲ್ಲಿ ಇದು ಪರದೆಯ ಫರ್ಮ್‌ವೇರಿನಲ್ಲೇ ಇದ್ದುದರಿಂದ ವಿಂಡೋಸ್ ಸೆಟ್ಟಿಂಗ್‌ನಿಂದ ನಿಲ್ಲಿಸಲು ಆಗುತ್ತಿರಲಿಲ್ಲ. ಕೆಲವು ಪರದೆಗಳಿಗೆ ಕಂಪನಿ ಮುಂದೆ ಅಪ್‌ಡೇಟ್ ಕೊಟ್ಟು ಇದನ್ನು ನಿಲ್ಲಿಸುವ ದಾರಿ ಮಾಡಿತು.

ನೀವೇ ಪರೀಕ್ಷಿಸಿ

ರಾತ್ರಿ ಕೋಣೆಯ ದೀಪ ಆರಿಸಿ. ಪರದೆಯ ತುಂಬ ಬಿಳಿ ಪುಟ ತೆರೆದು, ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ. ಅದರ ಮುಂದೆ ಪೆನ್ಸಿಲನ್ನು ಬೀಸಣಿಗೆಯಂತೆ ಬೇಗ ಬೇಗ ಆಡಿಸಿ. ಮಸುಕಾದ ಒಂದೇ ಪಟ್ಟಿ ಕಂಡರೆ ಮಿನುಗು ಇಲ್ಲ, ಇಲ್ಲವೇ ಬಹಳ ವೇಗದ್ದು. ನಡುನಡುವೆ ಸಂದಿಯಿದ್ದು ಬಿಡಿಬಿಡಿಯಾಗಿ ಹಲವು ಪೆನ್ಸಿಲ್ ಕಂಡರೆ ಮಿನುಗು ನಿಧಾನದ್ದು. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು 1/2000 ಸೆಕೆಂಡಿಗೆ ಇಟ್ಟು ನೋಡಿದರೆ ಇದೇ ಮಿನುಗು ಕಪ್ಪು ಪಟ್ಟೆಗಳಾಗಿ ಕಾಣುತ್ತದೆ.

ಪಟ್ಟೆ ಕಂಡರೆ ಹೀಗೆ ಮಾಡಿ: ಬ್ರೈಟ್‌ನೆಸ್ ಪೂರ್ತಿ ಏರಿಸಿ, ಪರದೆ ಕಣ್ಣು ಕುಕ್ಕದಂತೆ ಕೋಣೆಯಲ್ಲೂ ದೀಪ ಹಾಕಿಕೊಳ್ಳಿ. ಚಿತ್ರದ ಬಣ್ಣವನ್ನೇ ಮಸುಕು ಮಾಡುವ ಆ್ಯಪ್‌ಗಳಿವೆ, ಅವು ಬ್ಯಾಕ್‌ಲೈಟನ್ನು ಮುಟ್ಟುವುದಿಲ್ಲ. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಮೊದಲು ಆಟೋ ಬ್ರೈಟ್‌ನೆಸ್ ಮತ್ತು ನೈಟ್ ಲೈಟ್ ಸೆಟ್ಟಿಂಗ್ ಬದಲಾಗಿದೆಯೇ ನೋಡಿ, ಆಮೇಲೆ ಹಳೆಯ ಡ್ರೈವರ್‌ಗೆ ಮರಳಿ. ಬಯಾಸ್ ತಂಟೆಗೆ ಮಾತ್ರ ತಯಾರಕರ ಫೈಲ್ ಇಲ್ಲದೆ ಹೋಗಬೇಡಿ. ನಡುವೆ ಕೆಟ್ಟರೆ ಯಂತ್ರ ಏಳುವುದೇ ಇಲ್ಲ.

ಪಟ್ಟೆ ಕಾಣದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಕಣ್ಣು ಒಣಗುತ್ತದೆ. ಕನ್ನಡಕದ ನಂಬರ್ ಬದಲಾಗಿದ್ದರೂ ಹೀಗೇ ಆಗುತ್ತದೆ. ಕಣ್ಣಿನ ವೈದ್ಯರಿಗೆ ತೋರಿಸಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕುವ ಮೊದಲು ಯೋಚಿಸಿ: 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2023ರ ಕಾಕ್ರೇನ್ ಪರಿಶೀಲನೆಯಲ್ಲಿ ಅದರಿಂದ ಕಣ್ಣಿನ ಆಯಾಸ ತಗ್ಗುವ ಲಕ್ಷಣ ಕಾಣಲಿಲ್ಲ.

ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಡಬ್ಬಿಯ ಮೇಲಿನ 60 ಅಥವಾ 120 ಹರ್ಟ್ಸ್ ನೋಡಿ ಮೋಸಹೋಗಬೇಡಿ. ಅದು ಚಿತ್ರ ಬದಲಾಗುವ ವೇಗ, ಬ್ಯಾಕ್‌ಲೈಟ್ ಮಿನುಗಿಗೆ ಸಂಬಂಧವಿಲ್ಲ. ಅಂಗಡಿಯವರು ಪರದೆಯನ್ನು ಸಾಮಾನ್ಯವಾಗಿ ಪೂರ್ತಿ ಬೆಳಕಿನಲ್ಲೇ ಇಟ್ಟಿರುತ್ತಾರೆ. ಅಲ್ಲಿ ಎಂಥ ಪರದೆಯೂ ಪರೀಕ್ಷೆಯಲ್ಲಿ ಪಾಸಾಗಬಹುದು. ಮೊದಲು ಬೆಳಕು ಇಳಿಸಿ, ಆಮೇಲೆ ಫೋನ್ ಹಿಡಿಯಿರಿ.