ಲಂಡನ್ನಿನಿಂದ ನ್ಯೂಯಾರ್ಕಿಗೆ: ಅಟ್ಲಾಂಟಿಕ್ ದಾಟುವ ಟಿಕೆಟ್ಟಿನ ಲೆಕ್ಕಾಚಾರ

ಮಗ ಲಂಡನ್ನಿನಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ, ತಂದೆತಾಯಿ ಡೊಂಬಿವಲಿಯಲ್ಲೋ ಪುಣೆಯ ಕೋಥರೂಡಿನಲ್ಲೋ. ಇಂತಹ ಕುಟುಂಬಗಳು ನಮ್ಮ ನಡುವೆ ಈಗ ವಿರಳವಲ್ಲ. ರಜೆಯ ದಿನಗಳಲ್ಲಿ ಮಗನ ಮನೆಯಲ್ಲಿ ಒಂದು ವಾರ ಇದ್ದು, ಅವನ ಸಂಸಾರವನ್ನೂ ಜೊತೆಗೆ ಕರೆದುಕೊಂಡು ಮಗಳ ಮನೆಗೆ ಹೋಗುವುದು ಇವರ ಬಹುದಿನದ ಆಸೆಯಾಗಿರುತ್ತದೆ. ಮುಂಬಯಿಯಿಂದ ಲಂಡನ್ನಿಗೆ ಹೋಗಿಬರುವ ಖರ್ಚಿನ ಅಂದಾಜು ಹಲವರಿಗಿದೆ. ಆದರೆ ಲಂಡನ್ನಿನಿಂದ ನ್ಯೂಯಾರ್ಕಿಗೆ, ಸುಮಾರು 5,500 ಕಿಲೋಮೀಟರುಗಳ ಸಮುದ್ರವನ್ನು ದಾಟುವ ಆ ನಡುವಣ ಹಂತವೇ ಬಜೆಟ್ಟನ್ನು ಬುಡಮೇಲು ಮಾಡುವಂಥದ್ದು. ನಾಲ್ಕೈದು ಮಂದಿಯ ಕುಟುಂಬಕ್ಕೆ ಈ ಒಂದು ಹಂತದಲ್ಲಿ ಆಗುವ ವ್ಯತ್ಯಾಸವು ನಿವೃತ್ತರ ಕೆಲವು ತಿಂಗಳ ಪಿಂಚಣಿಗೆ ಸಮನಾಗಬಹುದು. ಆದುದರಿಂದ ಈ ದರಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಈ ಮಾರ್ಗದಲ್ಲಿ ಅಗ್ಗದ ಟಿಕೆಟ್ಟಿನ ಇತಿಹಾಸವೇ ಸ್ವಾರಸ್ಯಕರ. ದರಗಳನ್ನು ವಿಮಾನ ಸಂಸ್ಥೆಗಳ ಒಕ್ಕೂಟವೇ ನಿಗದಿಪಡಿಸುತ್ತಿದ್ದ ಕಾಲದಲ್ಲಿ, ಅದರಿಂದ ಹೊರಗಿದ್ದ ಐಸ್‌ಲ್ಯಾಂಡಿನ ಲೋಫ್ಟ್‌ಲೈಡಿರ್ ಸಂಸ್ಥೆಯು ತನ್ನ ದ್ವೀಪದಲ್ಲಿ ಇಳಿಸಿ ಹತ್ತಿಸಿ ಕಡಿಮೆ ಹಣಕ್ಕೆ ಜನರನ್ನು ಸಾಗಿಸುತ್ತಿತ್ತು. 1977ರ ಸೆಪ್ಟೆಂಬರಿನಲ್ಲಿ ಫ್ರೆಡ್ಡಿ ಲೇಕರ್ ಅವರು 'ಸ್ಕೈಟ್ರೇನ್' ಆರಂಭಿಸಿ, ಲಂಡನ್ನಿನಿಂದ ನ್ಯೂಯಾರ್ಕಿಗೆ ಒಂದು ಕಡೆಯ ಪ್ರಯಾಣಕ್ಕೆ 59 ಪೌಂಡ್ ಮಾತ್ರ ತೆಗೆದುಕೊಂಡರು. ಮುಂಗಡ ಕಾಯ್ದಿರಿಸುವಿಕೆ ಇರಲಿಲ್ಲ, ಸರತಿಯಲ್ಲಿ ನಿಂತು ಟಿಕೆಟ್ ಪಡೆಯಬೇಕಾಗಿತ್ತು. 1982ರ ಫೆಬ್ರವರಿಯಲ್ಲಿ ಆ ಸಂಸ್ಥೆ ಮುಳುಗಿತು. ಅನಂತರ ಬಂದವರ ಗತಿಯೂ ಬಹುಮಟ್ಟಿಗೆ ಅದೇ. ವಾವ್ ಏರ್ 2019ರ ಮಾರ್ಚಿನಲ್ಲಿ ಮುಚ್ಚಿತು, ನಾರ್ವೇಜಿಯನ್ ಸಂಸ್ಥೆ 2021ರಲ್ಲಿ ದೂರ ಪ್ರಯಾಣದ ಹಾರಾಟಗಳನ್ನು ಕೈಬಿಟ್ಟಿತು, ಪ್ಲೇ ಎಂಬ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಇದನ್ನು ಹೇಳುವುದು ಹೆದರಿಸುವುದಕ್ಕಲ್ಲ. ಅತಿ ಅಗ್ಗದ ಟಿಕೆಟನ್ನು ಎಂಟು ಹತ್ತು ತಿಂಗಳು ಮೊದಲೇ ಕೊಳ್ಳುವವರು, ಠೇವಣಿ ಇಡುವಾಗ ಬ್ಯಾಂಕಿನ ಸ್ಥಿತಿಗತಿ ವಿಚಾರಿಸುವಂತೆ, ಸಂಸ್ಥೆಯ ಸ್ಥಿತಿಗತಿಯನ್ನೂ ಒಮ್ಮೆ ವಿಚಾರಿಸಬೇಕು.

ಇನ್ನು ದರದ ಒಳಗುಟ್ಟು. ಒಂದೇ ವಿಮಾನದ ಎಕಾನಮಿ ವಿಭಾಗದಲ್ಲಿಯೇ ಹತ್ತಾರು ದರಗಳಿರುತ್ತವೆ. ನಮ್ಮಲ್ಲಿ ಬಡ್ಡಿಗೆ ಸ್ಲ್ಯಾಬುಗಳಿರುವಂತೆ ಅಲ್ಲಿ ಆಸನಗಳಿಗೆ ಸ್ಲ್ಯಾಬುಗಳು, ಪ್ರತಿಯೊಂದಕ್ಕೂ ಒಂದೊಂದು ಅಕ್ಷರದ ಗುರುತು. ಕೆಳಗಿನ ಸ್ಲ್ಯಾಬಿನಲ್ಲಿ ಎರಡೇ ಆಸನಗಳು ಉಳಿದಿದ್ದು ನೀವು ನಾಲ್ಕು ಕೇಳಿದಿರಿ ಎನ್ನಿ. ಆಗ ಗಣಕಯಂತ್ರವು ಸಾಮಾನ್ಯವಾಗಿ ಎರಡನ್ನು ಅಗ್ಗಕ್ಕೂ ಎರಡನ್ನು ದುಬಾರಿಗೂ ಕೊಡುವುದಿಲ್ಲ, ನಾಲ್ಕನ್ನೂ ಮೇಲಿನ ಸ್ಲ್ಯಾಬಿನಲ್ಲಿಯೇ ತೋರಿಸುತ್ತದೆ. ಆದ್ದರಿಂದ ಕುಟುಂಬದವರು ಮೊದಲು ಒಬ್ಬರಿಗೆ, ಬಳಿಕ ಇಬ್ಬರಿಗೆ, ಕೊನೆಗೆ ಎಲ್ಲರಿಗೂ ದರ ನೋಡಬೇಕು. ವ್ಯತ್ಯಾಸ ದೊಡ್ಡದಿದ್ದರೆ ಇಬ್ಬಿಬ್ಬರಾಗಿ ಎರಡು ಬುಕಿಂಗ್ ಮಾಡಬಹುದು. ಆದರೆ ಮಕ್ಕಳು ಯಾವಾಗಲೂ ಹಿರಿಯರೊಬ್ಬರ ಬುಕಿಂಗಿನಲ್ಲಿಯೇ ಇರತಕ್ಕದ್ದು. ವಿಮಾನ ರದ್ದಾದರೆ ಎರಡು ಬುಕಿಂಗಿನವರನ್ನು ಬೇರೆ ಬೇರೆ ವಿಮಾನಗಳಿಗೆ ಹಾಕುವ ಸಂಭವವಿರುವುದನ್ನೂ ಮರೆಯಬಾರದು. ಮಂಗಳವಾರ ಮಧ್ಯರಾತ್ರಿ ಕೊಂಡರೆ ಅಗ್ಗ ಎಂಬ ಮಾತಿಗೆ ನಾನಂತೂ ಬೆಲೆ ಕೊಡುವುದಿಲ್ಲ. ಕೊಳ್ಳುವ ವಾರಕ್ಕಿಂತ ಹಾರುವ ವಾರ ಮುಖ್ಯ. ವಾರದ ನಡುವಣ ದಿನಗಳು ವಾರಾಂತ್ಯಕ್ಕಿಂತ ಸಾಮಾನ್ಯವಾಗಿ ಸೌಮ್ಯ.

ಋತುಮಾನದ ವಿಷಯದಲ್ಲಿ ನಮಗೊಂದು ಅನುಕೂಲವಿದೆ, ಅದನ್ನು ನಮ್ಮವರು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ. ಅಟ್ಲಾಂಟಿಕ್ ಮಾರ್ಗದ ದರಗಳು ಏರುವುದು ಅಲ್ಲಿನ ಶಾಲಾ ರಜೆಯನ್ನು ಅನುಸರಿಸಿ. ಅಮೆರಿಕದ ಶಾಲೆಗಳು ಬಹುತೇಕ ಜೂನ್ ಮಧ್ಯದ ಹೊತ್ತಿಗೆ, ಇಂಗ್ಲೆಂಡಿನವು ಜುಲೈ ಕೊನೆಯ ಹೊತ್ತಿಗೆ ಮುಚ್ಚುತ್ತವೆ. ಹೀಗಾಗಿ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ದರ ಗಗನದಲ್ಲಿರುತ್ತದೆ, ಮತ್ತೆ ಕ್ರಿಸ್‌ಮಸ್ ವೇಳೆಗೆ ಏರುತ್ತದೆ. ನಮ್ಮ ಮಕ್ಕಳ ರಜೆಯೋ, ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಮೇ ತಿಂಗಳನ್ನು ಆವರಿಸಿರುತ್ತದೆ. ಅಂದರೆ ಅಲ್ಲಿನ ಜನಜಂಗುಳಿ ಶುರುವಾಗುವ ಮುನ್ನವೇ ನಾವು ಹೋಗಿ ಬರಬಹುದು. ಆದರೆ ಇಂಗ್ಲೆಂಡಿನಲ್ಲಿ ಮೇ ಕೊನೆಯ ವಾರ ಶಾಲೆಗಳಿಗೆ ಸಣ್ಣ ರಜೆಯಿರುವುದರಿಂದ ಆ ವಾರವನ್ನು ಬಿಟ್ಟುಬಿಡುವುದು ಲೇಸು. ದೆಹಲಿಯ ಬಂಧುಗಳ ಮಕ್ಕಳಿಗೆ ರಜೆ ಜೂನ್ ಕೊನೆಯವರೆಗೂ ಇರುವುದರಿಂದ, ಅವರು ಮೊದಲ ಅರ್ಧದಲ್ಲಿಯೇ ಸಮುದ್ರ ದಾಟಿದರೆ ಉಳಿತಾಯ. ಅಮೆರಿಕದಲ್ಲಿ ಅಕ್ಕ ಕನ್ನಡ ಸಮ್ಮೇಳನಕ್ಕೆ ಹೋಗುವವರದು ಬೇರೆ ಲೆಕ್ಕ. 2024ರಲ್ಲಿ ವರ್ಜೀನಿಯಾದ ರಿಚ್‌ಮಂಡಿನಲ್ಲಿ ನಡೆದ ಹಾಗೆ, ಅದು ಆಗಸ್ಟ್ ಕೊನೆಯ ಹೊತ್ತಿಗೆ ಬಂದರೆ ಹೋಗುವಾಗ ದುಬಾರಿ, ಬರುವಾಗ ಅಗ್ಗ.

ಎಲ್ಲಕ್ಕಿಂತ ಗಹನವಾದ ಪ್ರಶ್ನೆಯೆಂದರೆ ಒಂದೇ ಟಿಕೆಟ್ಟೋ, ಬಿಡಿ ಟಿಕೆಟ್ಟುಗಳೋ ಎಂಬುದು. ಮುಂಬಯಿ–ಲಂಡನ್ ಹೋಗಿಬರುವ ಒಂದು ಟಿಕೆಟ್, ಲಂಡನ್–ನ್ಯೂಯಾರ್ಕ್ ಹೋಗಿಬರುವ ಇನ್ನೊಂದು. ಕೂಡಿಸಿದರೆ ಕಡಿಮೆಯೆಂದು ಕಾಣುತ್ತದೆ. ಆದರೆ ಹಿಂದಿರುಗುವಾಗ ನ್ಯೂಯಾರ್ಕಿನ ವಿಮಾನ ತಡವಾಗಿ, ಮುಂಬಯಿಯ ವಿಮಾನ ತಪ್ಪಿದರೆ ಎರಡನೆಯ ಸಂಸ್ಥೆಗೆ ಯಾವ ಹೊಣೆಯೂ ಇರುವುದಿಲ್ಲ, ನಾಲ್ವರಿಗೂ ಹೊಸ ಟಿಕೆಟ್ ಕೊಳ್ಳಬೇಕಾದೀತು. ಸಾಮಾನನ್ನು ಪಡೆದು ಮತ್ತೆ ಒಪ್ಪಿಸಬೇಕಾದುದರಿಂದ ಆ ದೇಶದ ಗಡಿ ದಾಟಬೇಕಾಗುತ್ತದೆ. ವೀಸಾ ಪ್ರಶ್ನೆ ಏಳುವುದು ಅಲ್ಲಿಯೇ. ಗ್ಯಾಟ್‌ವಿಕ್‌ನಲ್ಲಿ ಇಳಿದು ಹೀಥ್ರೂವಿನಲ್ಲಿ ಹತ್ತಬೇಕಾದ ಅಗ್ಗದ ಜೋಡಣೆಗಳೂ ಇವೆ, ವಯಸ್ಸಾದವರಿಗೆ ಅದು ತಕ್ಕುದಲ್ಲ. ಇದಕ್ಕೆ ಬದಲಾಗಿ, ಟಿಕೆಟ್ ಹುಡುಕುವಲ್ಲಿ 'ಮಲ್ಟಿ ಸಿಟಿ' ಎಂಬ ಆಯ್ಕೆಯನ್ನು ಒತ್ತಿ ಮುಂಬಯಿ–ಲಂಡನ್, ವಾರದ ಬಳಿಕ ಲಂಡನ್–ನ್ಯೂಯಾರ್ಕ್, ಕೊನೆಗೆ ನ್ಯೂಯಾರ್ಕ್–ಮುಂಬಯಿ ಎಂದು ಮೂರನ್ನೂ ಒಂದೇ ಟಿಕೆಟ್ಟಿನಲ್ಲಿ ಕೇಳಬೇಕು. ಅನೇಕ ವೇಳೆ ಇದು ಬಿಡಿ ಟಿಕೆಟ್ಟುಗಳಿಗಿಂತ ಅಗ್ಗ, ಸ್ವಲ್ಪ ಹೆಚ್ಚಾದರೂ ನಾನು ಇದನ್ನೇ ಆರಿಸುತ್ತೇನೆ.

ಲಂಡನ್ನಿನಲ್ಲಿ ತಂಗುವವರು ತಿಳಿದಿರಬೇಕಾದ ಒಂದು ತೆರಿಗೆಯಿದೆ. ಬ್ರಿಟನ್ನಿನಿಂದ ಹೊರಡುವ ಪ್ರಯಾಣಿಕರಿಗೆ ವಿಧಿಸುವ ಈ ತೆರಿಗೆಯು ಎಕಾನಮಿಯಲ್ಲಿ ಅಮೆರಿಕಕ್ಕಾಗಲೀ ಭಾರತಕ್ಕಾಗಲೀ 2026ರ ಏಪ್ರಿಲಿನಿಂದ ತಲಾ 102 ಪೌಂಡ್. ಒಂದೇ ಟಿಕೆಟ್ಟಿನಲ್ಲಿ 24 ಗಂಟೆಯೊಳಗೆ ವಿಮಾನ ಬದಲಿಸಿದರೆ ಇದು ಬೀಳುವುದಿಲ್ಲ, ಅದಕ್ಕಿಂತ ಹೆಚ್ಚು ತಂಗಿದರೆ ಬೀಳುತ್ತದೆ. ಎಕಾನಮಿಯಲ್ಲಿ ಹೋಗುವ 16 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿಯಿದೆ. ಮಗನ ಮನೆಯಲ್ಲಿ ಇರಲೇಬೇಕೆಂದಾದರೆ ಈ ಹಣ ಕೊಡಲೇಬೇಕು. ಆದರೆ ಲಂಡನ್ನಿನ ವಾಸವನ್ನು ಹೋಗುವಾಗ ನಾಲ್ಕು ದಿನ, ಬರುವಾಗ ಮೂರು ದಿನ ಎಂದು ಒಡೆದರೆ ಎರಡು ಸಲ ತೆತ್ತಂತಾಗುತ್ತದೆ! ಒಮ್ಮೆಲೇ ಇದ್ದುಬಿಡುವುದು ಜಾಣತನ. ಅಲ್ಲಿರುವ ದಿನಗಳಲ್ಲಿ, 2015ರ ನವೆಂಬರಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಪಾರ್ಲಿಮೆಂಟಿಗೆ ಎದುರಾಗಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಿ ಬರುವುದಕ್ಕೆ ಯಾವ ಟಿಕೆಟ್ಟೂ ಬೇಕಿಲ್ಲ.

ಲಂಡನ್ನಿನಲ್ಲಿ ಯಾರೂ ಇಲ್ಲದವರಿಗೆ ಬೇರೆ ದಾರಿಗಳಿವೆ. ಐಸ್‌ಲ್ಯಾಂಡ್ ಏರ್ ತನ್ನ ಅಟ್ಲಾಂಟಿಕ್ ಪ್ರಯಾಣಿಕರಿಗೆ ರೇಕ್ಯವಿಕ್‌ನಲ್ಲಿ ಏಳು ದಿನಗಳವರೆಗೂ, ಪೋರ್ಚುಗಲ್ಲಿನ ಟಾಪ್ ಸಂಸ್ಥೆ ಲಿಸ್ಬನ್ ಅಥವಾ ಪೋರ್ಟೊದಲ್ಲಿ ಹತ್ತು ದಿನಗಳವರೆಗೂ ಹೆಚ್ಚಿನ ವಿಮಾನ ದರವಿಲ್ಲದೆ ತಂಗಲು ಅವಕಾಶ ಕೊಡುತ್ತವೆ. ಇವಕ್ಕೆ ಷೆಂಗೆನ್ ವೀಸಾ ಬೇಕು. ವೀಸಾ ಶುಲ್ಕವನ್ನು ತಲೆಯೆಣಿಸಿ ಕೂಡಿಸಿದ ಮೇಲೆಯೇ ಅಗ್ಗವೋ ಅಲ್ಲವೋ ತೀರ್ಮಾನಿಸಬೇಕು.

ಸಾಮಾನಿನ ಮಾತನ್ನು ಹೇಳದಿದ್ದರೆ ನಮ್ಮ ಮನೆಗಳ ಗೃಹಿಣಿಯರು ಕ್ಷಮಿಸರು. 2018ರ ಸುಮಾರಿಗೆ ದೊಡ್ಡ ಸಂಸ್ಥೆಗಳೂ ಅಟ್ಲಾಂಟಿಕ್ ಮಾರ್ಗದಲ್ಲಿ 'ಬೇಸಿಕ್ ಎಕಾನಮಿ' ಎಂಬ ದರವನ್ನು ತಂದವು. ಅದರಲ್ಲಿ ಕೈಚೀಲ ಬಿಟ್ಟರೆ ಒಪ್ಪಿಸುವ ಪೆಟ್ಟಿಗೆಗೆ ಬೇರೆ ಹಣ. ಭಾರತದಿಂದ ಹೊರಡುವ ಪೂರ್ಣ ಟಿಕೆಟ್ಟಿನಲ್ಲಿ 23 ಕಿಲೋ ಪೆಟ್ಟಿಗೆ ಒಂದೋ ಎರಡೋ ಸೇರಿರುವುದು ಸಾಮಾನ್ಯ. ಉಪ್ಪಿನಕಾಯಿ, ಚಟ್ನಿಪುಡಿ, ಮೊಮ್ಮಕ್ಕಳ ಬಟ್ಟೆಬರೆಗಳ ತೂಕವನ್ನು ಲೆಕ್ಕಕ್ಕೆ ಹಿಡಿದಾಗ ಅಗ್ಗದ ಬಿಡಿ ಟಿಕೆಟ್ಟಿನ ಮೋಹ ಇಳಿಯುತ್ತದೆ. ಎರಡು ವರ್ಷ ತುಂಬದ ಕೂಸಿಗೆ ತೊಡೆಯ ಮೇಲೆ ಕೂರಿಸಿಕೊಳ್ಳುವ ಷರತ್ತಿನಲ್ಲಿ ಸಾಮಾನ್ಯವಾಗಿ ಹಿರಿಯರ ದರದ ಹತ್ತನೆಯ ಒಂದು ಭಾಗ. ಪ್ರವಾಸದ ನಡುವೆ ಎರಡು ತುಂಬಿದರೆ ಹಿಂದಿರುಗುವಾಗ ಆಸನ ಕೊಳ್ಳಬೇಕು.

ಹಣ ಪಾವತಿಯಲ್ಲಿ ಎರಡು ಎಚ್ಚರಗಳು. ವಿದೇಶೀ ತಾಣದಲ್ಲಿ ಕೊಳ್ಳುವಾಗ ಕಾರ್ಡಿನ ವಿನಿಮಯ ಶುಲ್ಕವು ಹಲವು ಬ್ಯಾಂಕುಗಳಲ್ಲಿ ಶೇಕಡ 2ರಿಂದ 3.5ರಷ್ಟಿದ್ದು ಅದರ ಮೇಲೆ ಜಿಎಸ್‌ಟಿ ಬೇರೆ. ಪೌಂಡಿನ ಮೊತ್ತವನ್ನು ರೂಪಾಯಿಗೆ ಬದಲಿಸಿ ಕೊಡುತ್ತೇವೆಂದು ತಾಣವೇ ಮುಂದೆ ಬಂದರೆ, ಆ ವಿನಿಮಯ ದರದಲ್ಲಿ ಅವರ ಲಾಭವೂ ಅಡಗಿರುತ್ತದೆ, ಬೇಡವೆನ್ನುವುದೇ ಲೇಸು. ಟಿಕೆಟ್ ಮತ್ತು ಹೋಟೆಲನ್ನು ಒಟ್ಟಾಗಿ ಪ್ಯಾಕೇಜಿನಲ್ಲಿ ಕೊಂಡರೆ ಮೂಲದಲ್ಲೇ ತೆರಿಗೆ ವಸೂಲಾಗುತ್ತದೆ, ಬರಿಯ ಟಿಕೆಟ್ಟಿಗೆ ಅದು ಇಲ್ಲ. ವಸೂಲಾದುದನ್ನು ಆದಾಯ ತೆರಿಗೆಯ ವಿವರಣೆಯಲ್ಲಿ ಕೇಳಿ ಪಡೆಯಬಹುದಾದರೂ ಅಷ್ಟು ಕಾಲ ಹಣ ಕೈಬಿಟ್ಟಿರುತ್ತದೆ. ಟಿಕೆಟ್ ಬಂದೊಡನೆ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಹೆಸರಿನ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ಹೋಲಿಸಿರಿ. ತಂದೆಯ ಹೆಸರು, ಊರಿನ ಹೆಸರು, ಮನೆತನದ ಹೆಸರು ಹಿಂದುಮುಂದಾಗುವುದು ನಮ್ಮವರಲ್ಲಿ ತೀರಾ ಸಾಮಾನ್ಯ, ಅದನ್ನು ಸರಿಪಡಿಸುವುದು ಮೊದಲ ದಿನವೇ ಸುಲಭ.